ನಾವೇನು ಹಮಾಲರೇನ್ರಿ?: ಸಂಘದ ಕಾರ್ಯದರ್ಶಿಗೆ ಓದುಗರ ಪ್ರಶ್ನೆಗಳು

ಹೋದ ತಿಂಗಳು ಸಂಪಾದಕರು ಫೋನ್ ಮಾಡಿ, ಕಚೇರಿ ನೌಕರರ ಪ್ರಶ್ನೆಗಳಿಗೆ ಈ ಸಲ ನೀವೇ ಉತ್ತರ ಬರೀರಿ ಅಂದರು. ನಾನು ವಿಜಯಪುರದವನು. ಹದಿನಾರು ವರ್ಷ ಒಂದು ಖಾಸಗಿ ಸಂಸ್ಥೆಯಲ್ಲಿ ಕಾರಕೂನನಾಗಿದ್ದೆ, ಆಮೇಲೆ ನೌಕರರ ಸಂಘದ ಕಾರ್ಯದರ್ಶಿಯಾದೆ. ಬಂದ ಪತ್ರಗಳಲ್ಲಿ ಅರ್ಧದಷ್ಟು ಮಂದಿ "ದಯವಿಟ್ಟು ಹೆಸರು ಹಾಕಬೇಡಿ" ಅಂತ ಎರಡೆರಡು ಸಲ ಬರೆದಿದ್ದಾರೆ. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ವಾಹನ ಸಾಲ ಕೊಡುವ ಒಂದು ಫೈನಾನ್ಸ್ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಟ್ಟು ಹನ್ನೊಂದು ಜನ ಇದ್ದೇವೆ. ಸಂಘ ಅಂದರೆ ಫ್ಯಾಕ್ಟರಿಯವರಿಗೆ, ಹಮಾಲರಿಗೆ ಅಲ್ವಾ? ಅದೂ ಅಲ್ಲದೆ ನನ್ನ ಹುದ್ದೆಯ ಹೆಸರು 'ಅಸಿಸ್ಟೆಂಟ್ ಮ್ಯಾನೇಜರ್'. (ನವನಗರ, ಬಾಗಲಕೋಟೆ)

ಉತ್ತರ: ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು ಇಲ್ಲೇ ಗಾಂಧಿ ಚೌಕದ ಹತ್ತಿರದ ಒಂದು ಕಚೇರಿಯಲ್ಲಿ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. "ನಾವೇನು ಹಮಾಲರೇನ್ರಿ, ಸಂಘ ಕಟ್ಟಾಕ?" ಅಂದರು. ಅವರ ಪಗಾರ ಆಗ ಎಪಿಎಂಸಿಯಲ್ಲಿ ಚೀಲ ಹೊರುವವರ ಗಳಿಕೆಗಿಂತ ಕಡಿಮೆ ಇತ್ತು. ಹಮಾಲರಿಗೆ ಚೀಲಕ್ಕೆ ಎಷ್ಟು ಅನ್ನುವುದು ಗೊತ್ತು, ದರ ಸಾಲದು ಅನ್ನಿಸಿದರೆ ಎಲ್ಲರೂ ಒಟ್ಟಿಗೆ ಚೀಲ ಕೆಳಗಿಡುತ್ತಾರೆ. ಈ ಮಹಾರಾಯರಿಗೆ ಪಕ್ಕದ ಟೇಬಲ್ಲಿನವನ ಪಗಾರ ಎಷ್ಟು ಅಂತಲೂ ಗೊತ್ತಿರಲಿಲ್ಲ. ಕೇಳುವುದು ಮರ್ಯಾದೆ ಅಲ್ಲ ಅಂತ ಕೇಳಿರಲಿಲ್ಲ.

ಕಾನೂನಿನ ಮಾತು ಸಣ್ಣದು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ 'ಕಾರ್ಮಿಕ' ಅನ್ನುವುದರಲ್ಲಿ ಗುಮಾಸ್ತರ ಕೆಲಸ ಸೇರಿತ್ತು. 2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಗಳ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಸೇರಿದೆ. ಹುದ್ದೆಯ ಹೆಸರು ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ, ದಿನವಿಡೀ ನೀವು ಮಾಡುವ ಕೆಲಸ ಏನು ಅಂತ ನೋಡುತ್ತಾರೆ. ನೀವು ಯಾರಿಗಾದರೂ ರಜಾ ಮಂಜೂರು ಮಾಡುತ್ತೀರಾ? ಯಾರನ್ನಾದರೂ ನೇಮಕ ಮಾಡಬಹುದಾ? ಇಲ್ಲ ಅಂದರೆ ಬೋರ್ಡಿನ ಮೇಲೆ ಏನೇ ಬರೆದಿದ್ದರೂ ನೀವು ಕಾರಕೂನರೇ. ಕೆಳಗಿನವರ ಮೇಲ್ವಿಚಾರಣೆಯೇ ಮುಖ್ಯ ಕೆಲಸ ಆಗಿದ್ದು, ಪಗಾರ ತಿಂಗಳಿಗೆ 18,000 ರೂಪಾಯಿ ದಾಟಿದ್ದರೆ ಹೊಸ ಸಂಹಿತೆ ನಿಮ್ಮನ್ನು 'ಕಾರ್ಮಿಕ' ಅನ್ನುವುದರಿಂದ ಹೊರಗಿಡುತ್ತದೆ. ಹಳೆಯ ಕಾಯ್ದೆಯಲ್ಲಿ ಆ ಮಿತಿ 10,000 ಇತ್ತು.

ಸಂಘ ನೋಂದಣಿಗೆ ಕಡಿಮೆ ಅಂದರೆ ಏಳು ಜನ ಬೇಕು. ದೊಡ್ಡ ಸಂಸ್ಥೆಯಾದರೆ ಶೇ 10ರಷ್ಟು ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನಿಮ್ಮ ಹನ್ನೊಂದರಲ್ಲಿ ಏಳು ಸಿಕ್ಕರೂ ಬೇರೆ ಸಂಘ ಕಟ್ಟಿ ಅಂತ ನಾನು ಹೇಳುವುದಿಲ್ಲ. ಏಳರಲ್ಲಿ ಇಬ್ಬರಿಗೆ ವರ್ಗ ಆದರೆ ಮುಗಿಯಿತು. ಜಿಲ್ಲೆಯಲ್ಲಿ ಈಗಾಗಲೇ ಇರುವ ಸಂಘ ಸೇರುವುದು ವಾಸಿ. ಇನ್ನೊಂದು ವಿಷಯ, ಬ್ಯಾಂಕಿನ ಗುಮಾಸ್ತರು ಅಖಿಲ ಭಾರತ ಮಟ್ಟದ ಸಂಘ ಕಟ್ಟಿಕೊಂಡಿದ್ದು 1946ರಲ್ಲಿ, ಅಂದರೆ ಬ್ಯಾಂಕುಗಳ ರಾಷ್ಟ್ರೀಕರಣಕ್ಕಿಂತ 23 ವರ್ಷ ಮೊದಲು. ಅವರೂ ಆಗ ಖಾಸಗಿ ಕಂಪನಿಯ ಕಾರಕೂನರೇ ಆಗಿದ್ದರು. ಇವತ್ತು ಬ್ಯಾಂಕ್ ಪಗಾರ ಕಂಡು ಹೊಟ್ಟೆ ಉರಿದುಕೊಳ್ಳುವವರಿಗೆ ಇದು ನೆನಪಿರಲಿ.

ಪ್ರಶ್ನೆ: ತಪ್ಪು ತಿಳಿಯಬೇಡಿ. ಸಂಘದ ಕಾರ್ಯದರ್ಶಿ ದಿನವಿಡೀ ಏನು ಮಾಡುತ್ತಾರೆ? ನಮಗೆ ನೀವು ಕಾಣುವುದು ಧರಣಿ ಪೆಂಡಾಲಿನಲ್ಲಿ ಮಾತ್ರ. ನಿಮಗೆ ಪಗಾರ ಯಾರು ಕೊಡುತ್ತಾರೆ? (ಇಂಡಿ)

ಉತ್ತರ: ತಪ್ಪೇನಿಲ್ಲ, ನನ್ನ ಮನೆಯವರೂ ಇದನ್ನೇ ಕೇಳುತ್ತಾರೆ.

ಪೆಂಡಾಲಿನಲ್ಲಿ ನಾನು ಕೂರುವುದು ವರ್ಷಕ್ಕೆ ಎಂಟು ಹತ್ತು ದಿನ ಇರಬಹುದು. ಉಳಿದ ದಿನ ಹೆಚ್ಚಾಗಿ ಬಸ್ಸಿನಲ್ಲಿ ಮತ್ತು ಚಾದಂಗಡಿಯಲ್ಲಿ. ಬೆಳಿಗ್ಗೆ ಏಳಕ್ಕೆ ಫೋನ್ ಶುರು. ಕಚೇರಿ ನೌಕರರು ಕಚೇರಿಯಿಂದ ಫೋನ್ ಮಾಡುವುದಿಲ್ಲ ನೋಡಿ, ಹೊರಡುವ ಮೊದಲು ಮಾಡುತ್ತಾರೆ, ಇಲ್ಲಾ ರಾತ್ರಿ ಒಂಬತ್ತರ ಮೇಲೆ ಓಣಿಯ ತುದಿಗೆ ಬಂದು ಮೆಲ್ಲಗೆ ಮಾತಾಡುತ್ತಾರೆ. ಹತ್ತು ಗಂಟೆಗೆ ಇಂಡಿಗೋ ಸಿಂದಗಿಗೋ ಬಸ್ಸು. ಅಲ್ಲಿ ಊಟದ ಬಿಡುವು ಒಂದೂವರೆಯಿಂದ ಎರಡರ ತನಕ, ನನಗೆ ಸಿಗುವುದು ಆ ಅರ್ಧ ತಾಸು. ಫ್ಯಾಕ್ಟರಿ ಗೇಟಿನ ಮುಂದೆ ನಿಂತು ಪಾಳಿ ಬಿಟ್ಟಾಗ ಇನ್ನೂರು ಮಂದಿಗೆ ಒಂದೇ ಸಲ ಭಾಷಣ ಮಾಡಬಹುದು, ಕಚೇರಿಗೆ ಆ ಗೇಟೇ ಇಲ್ಲ. ಒಬ್ಬೊಬ್ಬರನ್ನೇ ಚಾಕ್ಕೆ ಕರೆಯಬೇಕು. ಮೊದಲ ಚಾದಲ್ಲಿ ಅವರು ಮಗಳ ಕಾಲೇಜು ಫೀ ಬಗ್ಗೆ ಹೇಳುತ್ತಾರೆ. ಎರಡನೇ ಚಾದಲ್ಲಿ ಬೆನ್ನುನೋವು. ಮೂರನೇ ವಾರಕ್ಕೆ, "ಅಣ್ಣಾರ, ನಮ್ಮ ಪಿಎಫ್ ಕಟ್ಟಾಕತ್ತಾರೋ ಇಲ್ಲೋ ಒಂದೀಟು ನೋಡ್ತೀರೇನು" ಅಂತ ಬಾಯಿ ಬಿಡುತ್ತಾರೆ. ಅವತ್ತು ಅವರು ಸಂಘಕ್ಕೆ ಬಂದ ಹಾಗೆ, ಅರ್ಜಿಗೆ ಸಹಿ ಆಮೇಲೆ.

ಮಧ್ಯಾಹ್ನದ ಮೇಲೆ ಕಾಗದದ ಕೆಲಸ. ಬೇಡಿಕೆ ಪತ್ರ ಬರೆಯುವುದು, ಅದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದು. ಈ ಮುದ್ರೆಗೆ ಕೆಲವೊಮ್ಮೆ ಮೂರು ದಿನ ತಿರುಗಿದ್ದೇನೆ, ಸಾಕಾಗಿ ಕೊನೆಗೆ ರಿಜಿಸ್ಟರ್ ಪೋಸ್ಟ್ ಮಾಡಿದ್ದೇನೆ. ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ರಾಜಿ ಸಭೆ ಇದ್ದರೆ ಅಲ್ಲಿಗೆ. ನೋಟಿಸ್ ಕೊಟ್ಟು ಕರೆದರೂ ಮೊದಲ ಎರಡು ತಾರೀಖಿಗೆ ಮಾಲೀಕರ ಕಡೆಯವರು ಸಾಮಾನ್ಯವಾಗಿ ಬರುವುದಿಲ್ಲ. ಬರದೇ ಹೋದರೂ ನಾವು ಹೋಗಿ ಹಾಜರಿ ಬರೆಸಬೇಕು, ಇಲ್ಲ ಅಂದರೆ ಕಡತದಲ್ಲಿ ಇಬ್ಬರೂ ಗೈರು ಅಂತ ಆಗುತ್ತದೆ. ವರ್ಷಕ್ಕೊಮ್ಮೆ ಸಂಘದ ಲೆಕ್ಕ ತಪಾಸಣೆ ಮಾಡಿಸಿ ರಿಜಿಸ್ಟ್ರಾರರಿಗೆ ವಾರ್ಷಿಕ ವರದಿ ಕೊಡಬೇಕು. ಅದು ತಪ್ಪಿದರೆ ನೋಂದಣಿಗೇ ಕುತ್ತು. ಎಷ್ಟೋ ಸಂಘಗಳು ಮುಷ್ಕರ ಸೋತು ಮುಚ್ಚಿದ್ದಲ್ಲ, ಈ ಕಾಗದ ಕೊಡದೆ ಮುಚ್ಚಿದ್ದು.

ಪಗಾರದ ಮಾತು. ನಮ್ಮಲ್ಲಿ ತಿಂಗಳಿಗೆ ಮೂವತ್ತು ರೂಪಾಯಿ ಚಂದಾ. ಅದರಿಂದ ನನಗೊಂದು ಗೌರವಧನ ಕೊಡುತ್ತಾರೆ. ನಾನು ಕಾರಕೂನನಾಗಿಯೇ ಉಳಿದಿದ್ದರೆ ಇದರ ಎರಡರಷ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಹಿರೇಮಗನ ಮದುವೆಯಲ್ಲಿ ಈ ಲೆಕ್ಕ ಸರಿಯಾಗಿ ಗೊತ್ತಾಯಿತು.

ಪ್ರಶ್ನೆ: ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಹನ್ನೆರಡು ವರ್ಷ ಕ್ಲರ್ಕ್ ಆಗಿದ್ದೆ. ಚೇರ್ಮನ್ನರು ಬದಲಾದ ಮೇಲೆ "ನಾಳೆಯಿಂದ ಬರಬೇಡ" ಅಂತ ಬಾಯಿಮಾತಿನಲ್ಲೇ ಹೇಳಿ ಕಳಿಸಿದರು. ಲೇಬರ್ ಕೋರ್ಟಿಗೆ ಹೋಗಬೇಕು ಅಂತ ಎಲ್ಲರೂ ಹೇಳುತ್ತಾರೆ. (ಅಥಣಿ)

ಉತ್ತರ: ಎಲ್ಲರೂ ಹೇಳುತ್ತಾರೆ ಅಂತ ಹೋಗಬೇಡಿ. ಮೊದಲು ನಿಮ್ಮ ಸೊಸೈಟಿಯ ಬೋರ್ಡು ಓದಿ ಬನ್ನಿ. ಅದು ಯಾವ ಕಾಯ್ದೆಯಡಿ ನೋಂದಣಿ ಆಗಿದೆ ಅನ್ನುವುದರ ಮೇಲೆ ನೀವು ಹೋಗಬೇಕಾದ ಬಾಗಿಲೇ ಬೇರೆಯಾಗುತ್ತದೆ.

ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಅಡಿ ನೋಂದಣಿ ಆಗಿದ್ದರೆ, ನೌಕರನ ಸೇವಾ ತಕರಾರು ಆ ಕಾಯ್ದೆಯ 70ನೇ ಕಲಂ ಪ್ರಕಾರ ಸಹಕಾರ ಇಲಾಖೆಯ ಮುಂದೆ ಹೋಗಬೇಕು. ಹಾಗಂತ ಬದಲಾಯಿಸಿದ ತಿದ್ದುಪಡಿ 2000ದ ಜೂನ್ 20ರಿಂದ ಜಾರಿಗೆ ಬಂತು. ಅಲ್ಲಿಂದೀಚೆಗೆ ಇಂಥ ತಕರಾರು ಲೇಬರ್ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತು. ಆ ಪ್ರಕರಣ ಹೋಗಿದ್ದು ನಮ್ಮ ಬಿಜಾಪುರದಿಂದಲೇ. ಆದರೆ ಬೆಳಗಾವಿ ಜಿಲ್ಲೆಯಲ್ಲಿ ಒಂದು ವಿಶೇಷ ಇದೆ. ಗಡಿ ಹತ್ತಿರ ಇರುವುದರಿಂದ ಇಲ್ಲಿ ಎರಡೂ ರಾಜ್ಯಗಳಲ್ಲಿ ವ್ಯವಹಾರ ಮಾಡುವ ಬಹುರಾಜ್ಯ ಸೊಸೈಟಿಗಳೂ ಇವೆ. ಅವುಗಳಿಗೆ 2002ರ ಕೇಂದ್ರ ಕಾಯ್ದೆ. ಅದರ 84ನೇ ಕಲಂ ನೌಕರರ ಶಿಸ್ತುಕ್ರಮದ ತಕರಾರನ್ನೂ ಕೈಗಾರಿಕಾ ವಿವಾದವನ್ನೂ ಮಧ್ಯಸ್ಥಿಕೆಯಿಂದ ಹೊರಗಿಟ್ಟಿದೆ. ಅಂದರೆ ಅಂಥ ಸೊಸೈಟಿಯ ನೌಕರನಿಗೆ ಕಾರ್ಮಿಕ ಕಾನೂನಿನ ದಾರಿ ತೆರೆದೇ ಇದೆ. ಒಂದೇ ಬೀದಿಯ ಎರಡು ಸೊಸೈಟಿ, ಒಂದೇ ಥರದ ಕೌಂಟರ್, ಹೊರಗೆ ಹಾಕಿಸಿಕೊಂಡವನಿಗೆ ಮಾತ್ರ ದಾರಿ ಎರಡು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸಂಘಕ್ಕೆ ಹೊಸದಾಗಿ ಬಂದಾಗ ಒಬ್ಬ ಸೊಸೈಟಿ ಕ್ಲರ್ಕನನ್ನು ನಾನೇ ಕೈಹಿಡಿದು ಲೇಬರ್ ಕೋರ್ಟಿಗೆ ಕರೆದುಕೊಂಡು ಹೋಗಿದ್ದೆ. ಮೂರು ವರ್ಷ ತಾರೀಖಿನ ಮೇಲೆ ತಾರೀಖು. ಕೊನೆಗೆ ನಮ್ಮ ಅರ್ಜಿ ಇಲ್ಲಿ ನಡೆಯುವುದಿಲ್ಲ ಅಂತಾಯಿತು. ಮೊದಲಿಂದ ಶುರು ಮಾಡಲು ಆ ಮನುಷ್ಯನಲ್ಲಿ ದುಡ್ಡೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಈಗ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಹೋದಾಗ ಚಾ ಕೊಡುತ್ತಾರೆ, ಬೈಯುವುದಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ನೀವು ಇವತ್ತೇ ಮಾಡಬೇಕಾದ್ದು ಒಂದಿದೆ. "ಇಂಥ ದಿನ ಬಾಯಿಮಾತಿನಲ್ಲಿ ನನ್ನನ್ನು ತಡೆದಿದ್ದೀರಿ, ನಾನು ಕೆಲಸಕ್ಕೆ ಹಾಜರಾಗಲು ತಯಾರಿದ್ದೇನೆ" ಅಂತ ಎರಡು ಸಾಲು ಬರೆದು ರಿಜಿಸ್ಟರ್ ಪೋಸ್ಟ್ ಮಾಡಿ. ಇಲ್ಲದಿದ್ದರೆ ನಾಳೆ ಅವರು "ಅವನೇ ಬಿಟ್ಟು ಹೋದ" ಅನ್ನುತ್ತಾರೆ, ಠರಾವನ್ನೂ ಹಾಗೇ ಬರೆದುಕೊಳ್ಳುತ್ತಾರೆ. ನೇಮಕ ಪತ್ರ, ಪಗಾರ ಜಮೆಯಾದ ಪಾಸ್‌ಬುಕ್, ನಿಮ್ಮ ಕೈಬರಹ ಇರುವ ವೋಚರ್ ನಕಲು, ಏನು ಸಿಕ್ಕರೂ ತೆಗೆದಿಡಿ. ಹನ್ನೆರಡು ವರ್ಷದ ಗ್ರಾಚ್ಯುಟಿಯನ್ನೂ ಮರೆಯಬೇಡಿ. ವರ್ಷಕ್ಕೆ ಹದಿನೈದು ದಿನದ ಪಗಾರ, ತಿಂಗಳನ್ನು 26 ದಿನ ಅಂತ ಹಿಡಿದು ಲೆಕ್ಕ ಮಾಡುತ್ತಾರೆ.

ಪ್ರಶ್ನೆ: ನಾನು ಪಿಗ್ಮಿ ಕಲೆಕ್ಟರ್, ಮನೆಮನೆಗೆ ಹೋಗಿ ದಿನದ ಉಳಿತಾಯದ ಹಣ ಕೂಡಿಸುತ್ತೇನೆ. ಕಮಿಷನ್ ಮಾತ್ರ ಬರುತ್ತದೆ. ನಮ್ಮನ್ನು ನೌಕರರು ಅನ್ನುತ್ತಾರಾ? (ಮುಧೋಳ)

ಉತ್ತರ: ಬ್ಯಾಂಕಿನ ಪಿಗ್ಮಿ ಕಲೆಕ್ಟರುಗಳು ಕಾರ್ಮಿಕರೇ ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಸಿಂಡಿಕೇಟ್ ಬ್ಯಾಂಕಿನವರ ಪ್ರಕರಣ ಅದು. ಉಡುಪಿಯಲ್ಲಿ 1928ರಲ್ಲಿ ಈ ಪಿಗ್ಮಿ ಶುರು ಮಾಡಿದ್ದೂ ಅದೇ ಬ್ಯಾಂಕು. ಆದರೆ ಕಾರ್ಮಿಕ ಅಂದ ಮಾತ್ರಕ್ಕೆ ಕಾಯಂ ಗುಮಾಸ್ತರ ಪಗಾರ ಸಿಗುವುದಿಲ್ಲ, ಅದನ್ನು ಅಲ್ಲೇ ಸ್ಪಷ್ಟ ಮಾಡಿದ್ದಾರೆ. ನೀವು ಸೊಸೈಟಿಯವರಾದರೆ ಮೇಲಿನ ಅಥಣಿಯವರ ಉತ್ತರವನ್ನೂ ಓದಿಕೊಳ್ಳಿ.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಸಂಘದ ಮೀಟಿಂಗ್ ಮಾತ್ರ ರಾತ್ರಿ ಎಂಟಕ್ಕೆ, ಒಂದು ಹೋಟೆಲಿನ ಮಾಳಿಗೆ ಮೇಲೆ. ನಾವು ಹೇಗೆ ಬರಬೇಕು? ಬಂದರೂ ಅಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ? (ಟಿಳಕವಾಡಿ, ಬೆಳಗಾವಿ)

ಉತ್ತರ: ನೀವು ಬರೆದದ್ದು ಬೆಳಗಾವಿಯ ಸಂಘದ ಬಗ್ಗೆ ಇರಬಹುದು, ಚುಚ್ಚಿದ್ದು ನನಗೆ. ನಮ್ಮ ಮೀಟಿಂಗೂ ಬಹಳ ವರ್ಷ ಹೀಗೇ ನಡೆಯುತ್ತಿತ್ತು. ಹೆಣ್ಣುಮಕ್ಕಳು ಬರುವುದಿಲ್ಲ ಅಂತ ವರದಿಯಲ್ಲಿ ಬರೆಯುತ್ತಿದ್ದೆವು, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಒಂದು ದಿನ ಒಬ್ಬ ಅಕ್ಕಾರು ನೇರವಾಗಿ, "ರೊಟ್ಟಿ ನೀವು ಬಡೀತೀರೇನ್ರಿ ಎಂಟಕ್ಕ?" ಅಂದರು. ಮುಂದಿನ ತಿಂಗಳಿಂದ ಊಟದ ಬಿಡುವಿನಲ್ಲಿ ಕಚೇರಿಯ ಹಿಂದಿನ ಬೇವಿನ ಗಿಡದ ಕೆಳಗೆ ಸೇರಿದೆವು. ಡಬ್ಬಿ ಬಿಚ್ಚಿಕೊಂಡು, ಶೇಂಗಾ ಹಿಂಡಿ ಹಂಚಿಕೊಂಡು ಮಾತು. ಅಲ್ಲಿ ಬಂದ ಮೊದಲ ಬೇಡಿಕೆ ಪಗಾರದ್ದಲ್ಲ, ಶೌಚಾಲಯದ ಚಿಲಕದ್ದು! ಎರಡು ವರ್ಷದಿಂದ ಚಿಲಕ ಇರಲಿಲ್ಲ, ಗಂಡಸರಿಗೆ ಗೊತ್ತೇ ಇರಲಿಲ್ಲ. ಪತ್ರ ಕೊಟ್ಟ ನಾಲ್ಕನೇ ದಿನಕ್ಕೆ ಚಿಲಕ ಬಂತು. ಮುಂದಿನ ಸಭೆಗೆ ಒಂಬತ್ತು ಜನ ಹೆಣ್ಣುಮಕ್ಕಳು ಚಂದಾ ಹಿಡಿದುಕೊಂಡು ಬಂದರು.

ನೀವು ಮೊದಲು ನೋಡಬೇಕಾದ್ದು, ಕಚೇರಿಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿ ಇದೆಯಾ ಅಂತ. ಹತ್ತು ಅಥವಾ ಜಾಸ್ತಿ ಜನ ಇರುವ ಕಡೆ 2013ರ ಕಾಯ್ದೆ ಪ್ರಕಾರ ಇರಲೇಬೇಕು, ಅಧ್ಯಕ್ಷೆ ಹೆಣ್ಣುಮಗಳೇ ಆಗಿರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಮೂರು ತಿಂಗಳ ಗಡುವು. ಸಂಘದಲ್ಲಿ ಮಾತು ಯಾರು ಕೇಳುತ್ತಾರೆ ಅಂದಿರಲ್ಲ, ಜಂಟಿ ಕಾರ್ಯದರ್ಶಿ ಸ್ಥಾನಕ್ಕೆ ನೀವೇ ನಿಲ್ಲಿ. 'ಮಹಿಳಾ ಪ್ರತಿನಿಧಿ' ಅಂತ ಒಂದು ಕುರ್ಚಿ ತೋರಿಸುತ್ತಾರೆ, ಅದರ ಮೇಲೆ ಕೂರಬೇಡಿ. ಠರಾವಿಗೆ ಸಹಿ ಹಾಕುವ ಕುರ್ಚಿ ಕೇಳಿ.

ಪ್ರಶ್ನೆ: ಸರಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್. ಒಂಬತ್ತು ವರ್ಷದಲ್ಲಿ ಮೂರು ಏಜೆನ್ಸಿ ಬದಲಾದವು, ನಾನು ಮಾತ್ರ ಅದೇ ಕುರ್ಚಿಯಲ್ಲಿ ಇದ್ದೇನೆ. ಕಾಯಂ ಮಾಡಿಸಿ ಕೊಡುತ್ತೀರಾ? (ವಿಜಯಪುರ)

ಉತ್ತರ: ಇಲ್ಲ. ಮಾಡಿಸಿ ಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಅವರಿಂದ ದೂರ ಇರಿ.

ಹಿಂಬಾಗಿಲಿನಿಂದ ಬಂದವರಿಗೆ ಕಾಯಂ ಆಗುವ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ಹೇಳಿದ ಉಮಾದೇವಿ ಪ್ರಕರಣ ಕರ್ನಾಟಕದ್ದೇ. ಅಲ್ಲಿಂದ ಎಷ್ಟೋ ಅರ್ಜಿಗಳು ಆ ಒಂದು ಹೆಸರಿಗೆ ಬಿದ್ದುಹೋದವು. 2016ರಲ್ಲಿ ಸ್ವಲ್ಪ ಗಾಳಿ ಬಂತು, ಅದೇ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೆ ಕಾಯಂ ಹುದ್ದೆಯ ಕನಿಷ್ಠ ವೇತನಶ್ರೇಣಿಯಷ್ಟಾದರೂ ಕೊಡಬೇಕು ಅಂದರು. 2024ರ ಡಿಸೆಂಬರಿನಲ್ಲಿ ಇನ್ನೊಂದು ತೀರ್ಪು ಬಂತು: ವರ್ಷಗಟ್ಟಲೆ ದುಡಿಸಿಕೊಂಡವರನ್ನು ಉಮಾದೇವಿ ತೀರ್ಪಿನ ನೆಪ ಹೇಳಿ ಹೊರಗಟ್ಟುವಂತಿಲ್ಲ. ಒಳ್ಳೆಯ ಮಾತುಗಳೇ. ಆದರೆ ಇಲಾಖೆಗೂ ನಿಮಗೂ ಮಧ್ಯೆ ಏಜೆನ್ಸಿ ನಿಂತಿದೆ, ಅದನ್ನು ದಾಟುವುದು ಜಾಸ್ತಿ ಕಷ್ಟ. ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನ ಬಂದಾಗ ಸುವರ್ಣ ವಿಧಾನಸೌಧದ ಆಚೆ ಪೆಂಡಾಲ್ ಹಾಕಿ ನಾವೂ ಕೂರುತ್ತೇವೆ. ಸಚಿವರು ಬರುತ್ತಾರೆ, ಮನವಿ ತೆಗೆದುಕೊಳ್ಳುತ್ತಾರೆ, ಫೋಟೊ ಆಗುತ್ತದೆ. ಹೋಗಬೇಕು, ಹೋಗದಿದ್ದರೆ ನೀವು ಇದ್ದೀರಿ ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ. ಅದನ್ನೇ ನಂಬಿ ಕೂರಬೇಡಿ ಅಷ್ಟೇ.

ಈ ತಿಂಗಳೇ ಕೈಗೆ ಸಿಗುವುದು ಬೇರೆ ಇದೆ. ಉಮಂಗ್ ಆ್ಯಪಿನಲ್ಲಿ ನಿಮ್ಮ ಪಿಎಫ್ ಪಾಸ್‌ಬುಕ್ ತೆಗೆಯಿರಿ. ಪಗಾರದಲ್ಲಿ ಶೇ 12 ಮುರಿದುಕೊಂಡಿದ್ದಾರೆ ಅಲ್ವಾ, ಅದು ಜಮೆ ಆಗಿದೆಯಾ? ಅವರ ಪಾಲು ಬಂದಿದೆಯಾ? ಮೂರು ಏಜೆನ್ಸಿ ಮೂರು ಯುಎಎನ್ (ಪಿಎಫ್ ಖಾತೆಯ) ನಂಬರ್ ಮಾಡಿದ್ದರೆ ಒಂದಕ್ಕೆ ಸೇರಿಸಿ, ಇಲ್ಲದಿದ್ದರೆ ಪಿಂಚಣಿಯ ಹತ್ತು ವರ್ಷ ತುಂಬುವುದೇ ಇಲ್ಲ. ಪಗಾರ 21,000ದ ಒಳಗಿದ್ದರೆ ಇಎಸ್‌ಐ ಅಂದರೆ ನೌಕರರ ಆರೋಗ್ಯ ವಿಮೆ ಕೂಡ ಇರಬೇಕು, ನಿಮ್ಮದು ಶೇ 0.75, ಅವರದು 3.25. ಏಜೆನ್ಸಿ ಪಗಾರ ಕೊಡದೆ ಓಡಿಹೋದರೆ ಮೂಲ ಕಚೇರಿಯೇ ಕೊಡಬೇಕು ಅನ್ನುವುದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದ ಇರುವ ನಿಯಮ. ನಮ್ಮ ಸದಸ್ಯರಿಗೆ ಒಂದು ಕಡೆ ನಾಲ್ಕು ತಿಂಗಳ ಬಾಕಿ ಬಂದಿದ್ದು ಈ ಒಂದು ಸಾಲನ್ನು ಪತ್ರದಲ್ಲಿ ಬರೆದ ಮೇಲೆ.

ಪ್ರಶ್ನೆ: ಸಂಘದವರು ಚಂದಾ ತಗೊಂಡು ಒಳಗೊಳಗೇ ಮಾಲೀಕರ ಜೊತೆ ಹೊಂದಿಕೊಳ್ಳುತ್ತಾರಂತೆ, ನಿಜಾನಾ? (ಜಮಖಂಡಿ)

ಉತ್ತರ: ಕೆಲವು ಕಡೆ ನಿಜ. ಅದಕ್ಕೇ ಲೆಕ್ಕ ಕೇಳಿ. ಸಂಘದ ಲೆಕ್ಕಪುಸ್ತಕ ಮತ್ತು ಸದಸ್ಯರ ಪಟ್ಟಿ ನೋಡುವ ಹಕ್ಕು ಸದಸ್ಯನಿಗೆ ಇದೆ ಅಂತ 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲೇ ಬರೆದಿತ್ತು. ಚಂದಾ ಕೊಟ್ಟ ಕೂಡಲೇ ರಸೀದಿ ಇಸಿದುಕೊಳ್ಳಿ. ಮಾತುಕತೆಗೆ ಕಾರ್ಯದರ್ಶಿ ಒಬ್ಬನೇ ಹೋಗಲು ಬಿಡಬೇಡಿ, ನನ್ನನ್ನೂ. ಮೂರು ಜನ ಹೋಗಲಿ.

ಪ್ರಶ್ನೆ: ಬೆಂಗಳೂರಿನ ಐಟಿ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ನಮಗೂ ಸಂಘ ಇದೆಯಾ? (ಬಸವನ ಬಾಗೇವಾಡಿ)

ಉತ್ತರ: ಇದೆ. ಐಟಿ ನೌಕರರ ಸಂಘ ರಾಜ್ಯದಲ್ಲಿ 2017ರಿಂದ ಇದೆ, ಕಿಟು ಅಂತ ಕರೆಯುತ್ತಾರೆ. 2024ರಲ್ಲಿ ದಿನಕ್ಕೆ 14 ತಾಸು ದುಡಿಸುವ ಪ್ರಸ್ತಾವ ಬಂದಾಗ ಮೊದಲು ಕೂಗೆಬ್ಬಿಸಿದ್ದು ಅವರೇ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ತಾಸು, ವಾರಕ್ಕೆ 48 ಅಂತ ಇರುವುದನ್ನು ಒಮ್ಮೆ ಓದಿ, ಆಮೇಲೆ ನಿಮ್ಮ ಲ್ಯಾಪ್‌ಟಾಪ್ ಯಾವಾಗ ಮುಚ್ಚುತ್ತೀರಿ ಅಂತ ಒಂದು ವಾರ ಬರೆದಿಡಿ.

ಪ್ರಶ್ನೆ: ಮುಷ್ಕರ ಅಂದರೆ ನಮ್ಮವರು ಹೆದರುತ್ತಾರೆ. ಎಲ್ಲರೂ ಒಂದೇ ದಿನ ಸಿ.ಎಲ್. ಹಾಕಿದರೆ? ಅದು ಮುಷ್ಕರ ಅಲ್ಲ ಅಲ್ವಾ? (ಗೋಕಾಕ)

ಉತ್ತರ: ಅದೂ ಮುಷ್ಕರವೇ ಈಗ. ಹೊಸ ಸಂಹಿತೆ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಮಂದಿ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜಾ ಹಾಕಿದರೆ ಮುಷ್ಕರ ಅಂತಲೇ ಹಿಡಿಯುತ್ತಾರೆ, ಅದಕ್ಕೆ 14 ದಿನದ ನೋಟಿಸ್ ಬೇಕು. ನೋಟಿಸ್ ಇಲ್ಲದೆ ಮಾಡಿದರೆ ದಂಡ. ಈ ಹಳೆಯ ಉಪಾಯ ಕೆಲಸಕ್ಕೆ ಬರುವುದಿಲ್ಲ.

ನಮ್ಮಲ್ಲಿ ಒಂದು ಕಚೇರಿಯಲ್ಲಿ ಮಾಡಿದ್ದನ್ನು ಹೇಳುತ್ತೇನೆ. ಅಲ್ಲಿ ಐದೂವರೆಗೆ ಕೆಲಸ ಮುಗಿಯಬೇಕು, ದಿನಾ ಏಳೂವರೆ ಆಗುತ್ತಿತ್ತು, ಓವರ್‌ಟೈಮ್ ಅನ್ನುವ ಶಬ್ದವೇ ಇರಲಿಲ್ಲ. ಕಾಯ್ದೆ ಪ್ರಕಾರ ಅದಕ್ಕೆ ಎರಡರಷ್ಟು ಕೂಲಿ ಬರಬೇಕು. ಮೂರು ತಿಂಗಳು ಪತ್ರ ಬರೆದೆವು, ಉತ್ತರ ಇಲ್ಲ. ಆಮೇಲೆ ಒಂದು ಸೋಮವಾರ ಇಪ್ಪತ್ತಾರು ಜನ ಸರಿಯಾಗಿ ಐದೂವರೆಗೆ ಟೇಬಲ್ ಒರೆಸಿ, ಡಬ್ಬಿ ಎತ್ತಿಕೊಂಡು, ಸಾಹೇಬರಿಗೆ ನಮಸ್ಕಾರ ಹೇಳಿ ಎದ್ದರು. ಘೋಷಣೆ ಇಲ್ಲ, ಕಪ್ಪು ಪಟ್ಟಿ ಇಲ್ಲ. ಮಂಗಳವಾರವೂ ಹಾಗೇ. ಬುಧವಾರ ಮ್ಯಾನೇಜರ್ ಬಾಗಿಲಲ್ಲಿ ನಿಂತು, "ಏನ್ರೀ, ಎಲ್ಲಾರೂ ಹೊಂಟುಬಿಟ್ರ ಹೆಂಗ?" ಅಂದರು. ನಮ್ಮ ಶಾಖಾ ಕಾರ್ಯದರ್ಶಿ ಗಡಿಯಾರ ತೋರಿಸಿ, "ಆಫೀಸ್ ಮುಗಿದೈತ್ರಿ ಸರ" ಅಂದ. ಶುಕ್ರವಾರ ಮಾತುಕತೆಗೆ ಕರೆದರು. ಮೂರು ಜನ ಹೋದೆವು. ಓವರ್‌ಟೈಮ್ ರಿಜಿಸ್ಟರ್ ಮುಂದಿನ ತಿಂಗಳ ಒಂದನೇ ತಾರೀಖಿಗೆ ಬಂತು, ಕೆಂಪು ರಟ್ಟಿನದು.